ಸಾಹೇಬರು ಇದ್ದ ಮನೆ

ದಸರೆ ಬಂತೆಂದರೆ ನಮ್ಮ ಕಿರಂಗೂರಿನ ಚಹರೆಯೇ ಬದಲಾಗುತ್ತದೆ. ಬನ್ನಿಮಂಟಪದ ಸುತ್ತ ಮಾವಿನ ತೋರಣ, ಬಾಳೆಕಂಬ, ರಸ್ತೆಯುದ್ದಕ್ಕೂ ನೀರು ಚಿಮುಕಿಸಿದ ಮಣ್ಣಿನ ವಾಸನೆ. ಆನೆ ಬಂದಿಳಿಯಿತೆಂಬ ಸುದ್ದಿ ಮುಟ್ಟಿದರೆ ಮಕ್ಕಳಿಗೆ ಹಸಿವೆಯೂ ಇಲ್ಲ, ಶಾಲೆಯೂ ಇಲ್ಲ. ತಾಯಿ ಚಾಮುಂಡೇಶ್ವರಿ ಅಂಬಾರಿ ಏರಿ ಇಲ್ಲಿಂದ ಹೊರಟು, ಹೊಳೆ ದಾಟಿ, ಪಟ್ಟಣದ ಶ್ರೀರಂಗನಾಥನ ಗುಡಿ ಮುಂದಿನ ಬಯಲು ಸೇರುತ್ತಾಳೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ಪಡೆದು ಅಲ್ಲಿ ದಸರಾ ಆರಂಭಿಸಿದರು. ಮೈಸೂರಿನ ದಸರೆಗಿಂತ ನಮ್ಮದು ಹಿರಿದು ಎಂದು ನಮ್ಮೂರಿನವರು ಎದೆಯುಬ್ಬಿಸಿ ಹೇಳುವುದು ಇದಕ್ಕೇ.

ಮೆರವಣಿಗೆ ಮುಗಿದ ಮಾರನೆಯ ದಿನ ಮನೆಗೆ ಬಂದ ನೆಂಟರಿಷ್ಟರನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದೇ ಇಲ್ಲ. ಗುಡಿ, ಗುಂಬಜ್, ಸಂಗಮ, ದರಿಯಾ ದೌಲತ್. ಚಿಕ್ಕಂದಿನಲ್ಲಿ ನಾನು ಮೊದಲ ಸಲ ದರಿಯಾ ದೌಲತ್ತಿಗೆ ಹೋದದ್ದು ತಾತನ ಬೆರಳು ಹಿಡಿದುಕೊಂಡು. ಅಲ್ಲಿದ್ದವರೆಲ್ಲ ಅದನ್ನು ಟಿಪ್ಪುವಿನ ಬೇಸಿಗೆ ಅರಮನೆ ಎನ್ನುತ್ತಿದ್ದರು. ತಾತ ಮಾತ್ರ ಮೆಟ್ಟಿಲ ಬಳಿ ಎಕ್ಕಡ ಬಿಡುತ್ತಾ, "ಟಿಪ್ಪು ಕಟ್ಟಿಸ್ದ, ಸರಿ. ಆಮೇಲೆ ದೊಡ್ಡ ಸಾಹೇಬ್ರು ಇದ್ರು ಕಣ್ಲಾ ಇಲ್ಲಿ. ಅವ್ರು ಇದ್ದುದ್ಕೇ ಇದು ಉಳ್ಕತ್ತು" ಅಂದ. ಆಗ ನನಗೆ ಆ ಮಾತು ಹಿಡಿಸಲಿಲ್ಲ. ನಮ್ಮ ಅರಮನೆ ಉಳಿದದ್ದಕ್ಕೆ ಪರದೇಶದವನೇಕೆ ಕಾರಣನಾಗಬೇಕು ಎಂದು ಸಿಟ್ಟೂ ಬಂದಿತ್ತು. ಈ ಕಟ್ಟಡದ ಚರಿತ್ರೆಯನ್ನು ಓದುತ್ತಾ ಹೋದಂತೆಲ್ಲ ತಾತನ ಮಾತಿನ ತೂಕ ಗೊತ್ತಾಗುತ್ತಿದೆ. ಈ ಲೇಖನ ಆ ಮಾತಿನ ವಿಸ್ತರಣೆ.

ದರಿಯಾ ದೌಲತ್ ಕೋಟೆಯ ಹೊರಗೆ, ಗಂಜಾಂ ಕಡೆಗೆ ಹೋಗುವ ದಾರಿಯಲ್ಲಿ, ಕಾವೇರಿಯ ಉತ್ತರದ ಕವಲಿಗೆ ಹತ್ತಿರವಿದೆ. ಕಟ್ಟಡ ಮುಗಿದದ್ದು 1784ರಲ್ಲಿ. ಕಲ್ಲಿನ ಜಗತಿಯ ಮೇಲೆ ತೇಗದ ಕಂಬಗಳು, ತೇಗದ ತೊಲೆಗಳು, ನಾಲ್ಕು ಸುತ್ತಲೂ ಪಡಸಾಲೆ, ನಾಲ್ಕು ಮೂಲೆಗೆ ನಾಲ್ಕು ಕೋಣೆ. ಮಹಡಿಯ ಮೇಲೆ ರಾಜ ಕೂತು ಅಹವಾಲು ಕೇಳುವ ಉಪ್ಪರಿಗೆ. ಮರದ ಮೇಲೆ, ಗೋಡೆಯ ಮೇಲೆ, ಚಾವಣಿಯ ಮೇಲೆ ಬಣ್ಣವಿಲ್ಲದ ಒಂದು ಗೇಣು ಜಾಗವೂ ಇಲ್ಲವೇನೋ ಎಂಬಂತೆ ಹೂಬಳ್ಳಿ. ಹೆಸರಿನ ಅರ್ಥ ಕಡಲ ಸಂಪತ್ತು. ಪಾರಸಿಯಲ್ಲಿ ದರಿಯಾ ಎಂದರೆ ಕಡಲೂ ಹೌದು, ಹೊಳೆಯೂ ಹೌದು. 1784ರ ಮಾರ್ಚ್‌ನಲ್ಲಿ ಮಂಗಳೂರಿನ ಒಪ್ಪಂದವಾಗಿ ಟಿಪ್ಪುವಿಗೆ ಕರಾವಳಿ ಭದ್ರವಾದ ನೆನಪಿಗೆ ಈ ಹೆಸರು ಎನ್ನುವವರಿದ್ದಾರೆ. ಮನೆ ಬಾಗಿಲಲ್ಲೇ ಕಾವೇರಿ ಹರಿಯುವಾಗ ಹೊಳೆಯ ಸಂಪತ್ತು ಎಂದರೂ ನಮಗೆ ಒಪ್ಪುತ್ತದೆ.

ಮಂಗಳೂರಿನ ಒಪ್ಪಂದವನ್ನು ಇನ್ನೊಂದು ಕಾರಣಕ್ಕೆ ನೆನಪಿಡಬೇಕು. ಅದರ ಪ್ರಕಾರ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಇಂಗ್ಲಿಷರು ಬಿಡುಗಡೆಯಾದರು. ಅವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಒಬ್ಬ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಸುತ್ತುವರಿದು ಮುರಿದಾಗ ಸೆರೆಸಿಕ್ಕವನು. ಮೂರೂವರೆ ವರ್ಷ ಇಲ್ಲಿನ ಬಂದೀಖಾನೆಯಲ್ಲಿ ಕಳೆದ. ಬೇಲಿ ಸೆರೆಯಲ್ಲೇ 1782ರ ನವೆಂಬರ್‌ನಲ್ಲಿ ತೀರಿಹೋದ. ಬೇರ್ಡ್ ಬಿಡುಗಡೆಯಾದ ವರ್ಷವೇ ದರಿಯಾ ದೌಲತ್ ಎದ್ದು ನಿಂತಿತು, ಮತ್ತು ಅದರ ಪಶ್ಚಿಮದ ಗೋಡೆಯ ತುಂಬ ಪೊಲ್ಲಿಲೂರಿನ ಕದನವೇ ಚಿತ್ರವಾಯಿತು.

ಆ ಗೋಡೆಯ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಎಡಗಡೆ ಆನೆಯೇರಿದ ಹೈದರ್, ಟಿಪ್ಪು. ಸುತ್ತ ಸಾಲುಗಟ್ಟಿದ ಕುದುರೆ ಸವಾರರು. ಇನ್ನೊಂದು ಕಡೆ ಇಂಗ್ಲಿಷರು ಚೌಕಾಕಾರವಾಗಿ ನಿಂತು ತಮ್ಮ ನಾಯಕನನ್ನು ನಡುವೆ ಕಾಪಾಡುತ್ತಿದ್ದಾರೆ. ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿದ್ದಾನೆ. ಆ ಚೌಕದಲ್ಲೇ ಮದ್ದಿನ ಬಂಡಿ ಸಿಡಿದು ಬೆಂಕಿಯೆದ್ದಿದೆ. ಕದನದ ಗತಿ ತಿರುಗಿದ್ದು ಆ ಸ್ಫೋಟದಿಂದ. ಟಿಪ್ಪುವಿನ ಕೈಯಲ್ಲಿ ಗುಲಾಬಿ. ಸುತ್ತ ರುಂಡಗಳು ಉರುಳುವಾಗ ರಾಜ ಹೂವಿನ ಪರಿಮಳ ನೋಡುತ್ತಿದ್ದಾನೆ. ಒಂದು ಕಡೆ ಫ್ರೆಂಚ್ ಅಧಿಕಾರಿ ಲಾಲಿ ಕಣ್ಣಿಗೆ ದುರ್ಬೀನು ಹಿಡಿದಿದ್ದಾನೆ. ಕಿರಂಗೂರಿನಿಂದ ಪಾಂಡವಪುರಕ್ಕೆ ಹೋಗುವ ಬಸ್ಸು ಹತ್ತುವ ನಮಗೆ ಈ ಲಾಲಿ ತೀರ ಹೊರಗಿನವನೇನಲ್ಲ. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದಲೇ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಆ ಹಿರೋಡೆಯೇ ಇಂದಿನ ಪಾಂಡವಪುರ.

ಹೈದರಾಬಾದಿನ ನಿಜಾಮನ ದಂಡು ಬರುತ್ತಿರುವ ಭಾಗದಲ್ಲಿ ಒಂದು ಹಸು, ಒಂದು ಹಂದಿ ಇವೆ. ಹಸುವಿನ ಹಾಗೆ ಬಂದ, ಹಂದಿಯ ಹಾಗೆ ಓಡಿದ ಎಂದು ಅಲ್ಲಿನ ಗೈಡುಗಳು ತಲೆಮಾರಿನಿಂದ ತಲೆಮಾರಿಗೆ ವಿವರಿಸುತ್ತಾ ಬಂದಿದ್ದಾರೆ. ಪೂರ್ವದ ಗೋಡೆ ಶಾಂತವಾದದ್ದು. ಅಲ್ಲಿ ಅರಸರ ದರ್ಬಾರುಗಳು: ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ, ಚಿತ್ತೂರಿನ ರಾಣಿ, ನಮ್ಮ ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ. ಮದಕರಿಯನ್ನು ಸೆರೆಹಿಡಿದ ಹೈದರನ ಮಗನ ಮನೆಯಲ್ಲಿ ಮದಕರಿಗೂ ಒಂದು ಚೌಕಟ್ಟು ಇರುವುದು ನೋಡುವವರನ್ನು ಒಂದು ಗಳಿಗೆ ನಿಲ್ಲಿಸುತ್ತದೆ. ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲಿ ಎರಡು ಮಾತಿದೆ, ಅದು ಸದ್ಯಕ್ಕೆ ತೀರುವ ಜಗಳವಲ್ಲ. ಆದರೆ ಈ ಕಟ್ಟಡದ ವಿಚಾರಕ್ಕೆ ಬಂದಾಗ ಎರಡೂ ಕಡೆಯವರು ಒಂದೇ ಗೋಡೆಯ ಮುಂದೆ ನಿಲ್ಲಬೇಕಾಗುತ್ತದೆ ಎಂಬುದು ನನ್ನ ಅನುಭವ.

ಚಿತ್ರ ಬರೆಸಿದ ಹದಿನೈದು ವರ್ಷಕ್ಕೆ ಎಲ್ಲ ತಲೆಕೆಳಗಾಯಿತು. 1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಲಗ್ಗೆಯ ಮುಂದಾಳು ಬೇರೆ ಯಾರೂ ಅಲ್ಲ, ಅದೇ ಡೇವಿಡ್ ಬೇರ್ಡ್; ಈಗ ಜನರಲ್. ಸಂಜೆಗೆ ಟಿಪ್ಪುವಿನ ದೇಹ ಹೆಣಗಳ ನಡುವೆ ಸಿಕ್ಕಿತು. ಆ ರಾತ್ರಿ ಊರು ಸೂರೆಯಾಯಿತು. ಆದರೆ ಪಟ್ಟಣದ ಆಡಳಿತ ಬೇರ್ಡ್‌ನ ಕೈಗೆ ಬರಲಿಲ್ಲ. ಎರಡೇ ದಿನದಲ್ಲಿ ಅದನ್ನು ಮೂವತ್ತು ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಒಪ್ಪಿಸಿದರು. ಅವನು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ತಮ್ಮ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಇಡೀ ಯೂರೋಪಿಗೆ ಹೆಸರಾದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ಸೂರೆ ಮಾಡುತ್ತಿದ್ದ ತನ್ನದೇ ಸೈನಿಕರಲ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಉಳಿದವರಿಗೆ ಛಡಿಯೇಟು ಕೊಡಿಸಿ ಊರನ್ನು ಹತೋಟಿಗೆ ತಂದ. ನಂತರ ವಾಸಕ್ಕೆ ಮನೆ ನೋಡಿಕೊಂಡ. ಅವನು ಆರಿಸಿದ್ದು ಹೊಳೆಯ ಗಾಳಿ ಬೀಸುವ, ತೋಟದ ನಡುವಿನ ದರಿಯಾ ದೌಲತ್.

ತಾತ ಹೇಳಿದ ದೊಡ್ಡ ಸಾಹೇಬ ಇವನು.

ಅವನಿಗೆ ಮೊದಲು ಕಂಡದ್ದು ಸುಣ್ಣ ಬಳಿದು ಕೆಡಿಸಿದ ಗೋಡೆ ಎಂದು ಕಾಣುತ್ತದೆ. ಲೂಯಿ ರೈಸ್ ತಮ್ಮ ಮೈಸೂರು ಗ್ಯಾಸೆಟಿಯರ್‌ನಲ್ಲಿ ಬರೆದಿರುವಂತೆ, ಮುತ್ತಿಗೆಗೆ ಮುಂಚೆಯೇ ಆ ಚಿತ್ರಗಳು ಅಳಿಸಿಹೋಗಿದ್ದವು. ಅಲ್ಲಿ ವಾಸಕ್ಕೆ ಬಂದ ವೆಲ್ಲೆಸ್ಲಿ ಅವನ್ನು ಮತ್ತೆ ಸರಿಪಡಿಸಿದ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ. ತನ್ನ ದೇಶದವರು ಸೋತು ಸುಣ್ಣವಾದ, ತನ್ನವನೇ ಒಬ್ಬ ಕರ್ನಲ್ ಬೆರಳು ಕಚ್ಚಿಕೊಂಡು ಕೂತಿರುವ ಚಿತ್ರವನ್ನು ತನ್ನ ಮನೆಯ ಗೋಡೆಯ ಮೇಲೆ ಮತ್ತೆ ಮೂಡಿಸಿದವನ ಮನಸ್ಸು ಎಂಥದ್ದಿರಬೇಕು? ಗೆದ್ದವನಿಗೆ ಸೋಲಿನ ಚಿತ್ರದ ಹೆದರಿಕೆ ಇಲ್ಲ ಎನ್ನಬಹುದು. ಒಳ್ಳೆಯ ಕೆಲಸವನ್ನು ಗುರುತಿಸುವ ಕಣ್ಣು ಅವನಿಗಿತ್ತು ಎಂದೂ ಹೇಳಬಹುದು. ಎರಡೂ ಸೇರಿದ್ದವು ಎಂದು ನಾನು ನಂಬುತ್ತೇನೆ.

ಆ ದಿನಗಳಲ್ಲಿ ಪಟ್ಟಣ ಹೇಗಿತ್ತು ಎನ್ನುವುದಕ್ಕೆ 1800ರ ಮೇ ತಿಂಗಳಲ್ಲಿ ಬಂದ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಬರಹವಿದೆ. ಟಿಪ್ಪುವಿನ ಕಾಲದಲ್ಲಿ ನಡುಗಡ್ಡೆಯ ಮೇಲೆ ಒಂದೂವರೆ ಲಕ್ಷ ಜನ ಇದ್ದಿರಬಹುದೆಂದು ಅವನ ಅಂದಾಜು. ಅವನು ಬಂದಾಗ ಮನೆಗಳ ಲೆಕ್ಕದಿಂದ ಕಂಡದ್ದು ಸುಮಾರು 32 ಸಾವಿರ. ಒಂದು ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಖಾಲಿಯಾದರು ಎಂದರೆ ಅದೊಂದು ಊರಿನ ಸಾವು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಪಟ್ಟಾಭಿಷೇಕವಾಗಿ ರಾಜಧಾನಿ ಮೈಸೂರಿಗೆ ಹೋಯಿತು. ನಡುಗಡ್ಡೆಯನ್ನು ಈಸ್ಟ್ ಇಂಡಿಯಾ ಕಂಪನಿ ತಾನೇ ಇಟ್ಟುಕೊಂಡಿತು.

ವೆಲ್ಲೆಸ್ಲಿ ಸುಮ್ಮನೆ ಕೂತವನಲ್ಲ. ಕೋಟೆ ಬಿದ್ದ ದಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡಿದ್ದ ಚನ್ನಗಿರಿಯ ಧೋಂಡಿಯಾ ವಾಘ್, ಉಭಯ ಲೋಕಾಧೀಶ್ವರ ಎಂದು ತನ್ನನ್ನು ತಾನೇ ಕರೆದುಕೊಂಡು ಉತ್ತರದಲ್ಲಿ ದಂಡು ಕಟ್ಟಿದ. ತಿಂಗಳುಗಟ್ಟಲೆ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಅವನನ್ನು ಕೊಂದರು. ಪೊಲ್ಲಿಲೂರಿನ ಕದನ ನಡೆದು ಸರಿಯಾಗಿ ಇಪ್ಪತ್ತು ವರ್ಷದ ದಿನ ಅದು. ಸಾಮಾನಿನ ನಡುವೆ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಮಗುವಿನ ಪೋಷಣೆಯನ್ನು ತಾನೇ ವಹಿಸಿಕೊಂಡ. 1805ರಲ್ಲಿ ಭಾರತ ಬಿಟ್ಟು ಹೊರಟಾಗ ಅವನ ಸಾಕಾಣಿಕೆಗೆಂದು ಹಣ ಇಟ್ಟುಹೋದ. ದೊಡ್ಡವನಾದ ಮೇಲೆ ಆ ಹುಡುಗ ಮೈಸೂರು ಅರಸರ ಸೇವೆಗೆ ಸೇರಿದ. ಯುದ್ಧದ ಕಥೆಗಳಲ್ಲಿ ಇಂಥ ಮಕ್ಕಳಿಗೆ ಜಾಗ ಸಿಗುವುದು ಅಪರೂಪ, ಹಾಗಾಗಿ ಇಲ್ಲಿ ಹೇಳಿದೆ.

ಈಗ ತಾತನ ಮಾತಿಗೆ ಬರುತ್ತೇನೆ. ಅವನು ಇದ್ದದ್ದರಿಂದ ಇದು ಉಳಿಯಿತು ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಉಳಿಯದೇ ಹೋದದ್ದನ್ನು ನೋಡಬೇಕು. ಕೋಟೆಯೊಳಗೆ ರಂಗನಾಥನ ಗುಡಿಯ ಎದುರು ಟಿಪ್ಪುವಿನ ದೊಡ್ಡ ಅರಮನೆ ಲಾಲ್ ಮಹಲ್ ಇತ್ತು. ಕೆಡವಿದರು, ಉಳಿದ ಒಂದು ಭಾಗ ಗಂಧದ ಕೊರಡು ತುಂಬುವ ಉಗ್ರಾಣವಾಯಿತು. ಇಂದು ಅಡಿಪಾಯದ ಕಲ್ಲುಗಳಷ್ಟೇ ಇವೆ. ನಡುಗಡ್ಡೆಯ ಪೂರ್ವದ ತುದಿಯಲ್ಲಿ, ಗುಂಬಜ್ ಇರುವ ಲಾಲ್‌ಬಾಗ್‌ನಲ್ಲಿ, ಇನ್ನೊಂದು ಅರಮನೆ ಇತ್ತು. ತಾನು ಕಂಡ ನಮ್ಮ ಕಡೆಯ ಕಟ್ಟಡಗಳಲ್ಲಿ ಅದು ಬಹಳ ಚೆಲುವಿನದು ಎಂದು ಬುಕಾನನ್‌ನಂಥ ಬಿಗುಮಾನದ ವೈದ್ಯನೇ ಒಪ್ಪಿದ್ದ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಅಲ್ಲಿನ ಸೈಪ್ರೆಸ್ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿತು, ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಕೊನೆಗೆ ಬಿಚ್ಚಿಯೇಬಿಟ್ಟರು. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ 1829ರಲ್ಲಿ ಅಡಿಗಲ್ಲು ಹಾಕಿದಾಗ ಬೇಕಾದ ದೊಡ್ಡ ತೊಲೆಗಳನ್ನು ಇಲ್ಲಿಂದಲೇ ಘಟ್ಟ ಹತ್ತಿಸಿದರು. ಬೇಸಿಗೆಯಲ್ಲಿ ಊಟಿಗೆ ಹೋಗುವ ನಮ್ಮವರು ಆ ಚರ್ಚಿನ ಒಳಗೆ ಹೋಗಿ ತಲೆಯೆತ್ತಿ ನೋಡಲಿ. ಅಲ್ಲಿರುವುದು ಗಂಜಾಂನ ಅರಮನೆಯ ಮರ.

ಮರದ ಕಟ್ಟಡಕ್ಕೆ ಶತ್ರು ಸಿಡಿಗುಂಡು ಮಾತ್ರ ಅಲ್ಲ. ಒಳ್ಳೆಯ ತೇಗ ಇದೆ ಎಂಬುದೇ ಅದರ ಸಾವಿಗೆ ಸಾಕು. ದರಿಯಾ ದೌಲತ್ತೂ ತೇಗದ್ದೇ. ಅದನ್ನು ಯಾರೂ ಬಿಚ್ಚಲಿಲ್ಲ, ಏಕೆಂದರೆ ಮೊದಲ ಕೆಲವು ವರ್ಷ ಅಲ್ಲಿ ದೊಡ್ಡ ಸಾಹೇಬನಿದ್ದ. ಆಮೇಲೆ ಅವನು ದೊಡ್ಡವನಾದಷ್ಟೂ ಅವನು ಇದ್ದ ಮನೆಯೂ ದೊಡ್ಡದಾಯಿತು. ವಾಟರ್ಲೂ ಗೆದ್ದವನ ಮನೆಯ ತೊಲೆ ಕೀಳುವ ಧೈರ್ಯ ಕಂಪನಿಯ ಯಾವ ಎಂಜಿನಿಯರನಿಗೆ ಬಂದೀತು? ಮೈಸೂರಿನಲ್ಲಿ ಅವನ ಹೆಸರಿನಲ್ಲೇ ಇರುವ ವೆಲ್ಲಿಂಗ್ಟನ್ ಬಂಗಲೆಗೂ ಇದೇ ಅದೃಷ್ಟ. ಇಂದು ಅಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ವಲಯ ಕೇಂದ್ರವಿದೆ.

ಹೆಸರಿನ ಬಲವಿಲ್ಲದ ಸಾಹೇಬರ ಮನೆಗಳ ಗತಿ ಬೇರೆ. ಶ್ರೀರಂಗಪಟ್ಟಣದಲ್ಲೇ ಕಾವೇರಿಯ ದಂಡೆಯ ಮೇಲೆ ಸ್ಕಾಟ್ ಬಂಗಲೆ ಇದೆ. ಕರ್ನಲ್ ಸ್ಕಾಟ್ ಇಲ್ಲಿನ ತೋಪಿನ ಗಾಡಿ ಕಾರ್ಖಾನೆಯ ಮುಖ್ಯಸ್ಥ. ಒಂದು ದಿನ ಕವಾಯತು ಮುಗಿಸಿ ಬಂದಾಗ ಹೆಂಡತಿ ಮಕ್ಕಳು ಕಾಲರಾಕ್ಕೆ ಬಲಿಯಾಗಿದ್ದರಂತೆ, ಅವನು ಹಾಕಿದ ಬಾಗಿಲನ್ನು ಮತ್ತೆ ತೆರೆಯದೆ ಹೊಳೆಯ ಕಡೆ ನಡೆದುಹೋದನಂತೆ. ಇದು ಜನರ ಬಾಯಲ್ಲಿರುವ ಕಥೆ. ಮುಮ್ಮಡಿಯವರು ಆ ಮನೆಯನ್ನು ಸ್ಕಾಟ್ ಬಿಟ್ಟ ಹಾಗೆಯೇ ಇರಿಸಬೇಕೆಂದು ಅಪ್ಪಣೆ ಮಾಡಿದರೆಂದೂ, ಮಂಚ, ಕುರ್ಚಿ, ಪರದೆ ಎಲ್ಲ ಬಹುಕಾಲ ಇದ್ದಲ್ಲೇ ಇದ್ದವೆಂದೂ ಹೇಳುತ್ತಾರೆ. ನಿಜವಾದ ಅರ್ಥದಲ್ಲಿ ನಮ್ಮ ತಾಲ್ಲೂಕಿನ ಮೊದಲ ಸಂಗ್ರಹಾಲಯ ಅದೇ ಆಗಬೇಕಿತ್ತು. ದುಃಖವನ್ನು ಹಾಗೆಯೇ ಕಾದಿಟ್ಟ ಮನೆ. ಆಗಲಿಲ್ಲ. ಕಾಯುವವರು ಇಲ್ಲದಾದಾಗ ಸಾಮಾನು ಕರಗಿತು, ಗಾರೆ ಉದುರಿತು. ನನ್ನ ಕಾಲದಲ್ಲಿ ನಾನು ಅದನ್ನು ನೋಡಿದ್ದು ಕಳೆ ಗಿಡಗಳ ನಡುವೆ. ಅದರ ಗೋಡೆಗಳ ಮೇಲೂ ಬರಹವಿತ್ತು: ಇದ್ದಿಲಿನಿಂದ ಗೀಚಿದ ಹೆಸರುಗಳು.

ಆ ಕಾಲದ ಯೂರೋಪಿಯನ್ನರನ್ನು ಇಲ್ಲಿಂದ ಓಡಿಸಿದ್ದು ಯಾವ ಸೈನ್ಯವೂ ಅಲ್ಲ, ಜ್ವರ. ಸುತ್ತ ನೀರು, ಗದ್ದೆ, ನಾಲೆ. ಸೊಳ್ಳೆಯಿಂದ ಚಳಿಜ್ವರ ಬರುತ್ತದೆಂದು ಆಗ ತಿಳಿದಿರಲಿಲ್ಲ. ನಡುಗಡ್ಡೆಯ ಗಾಳಿ ಕೆಟ್ಟದ್ದು ಎಂದಷ್ಟೇ ಅವರ ತಿಳುವಳಿಕೆ. 1809ರಲ್ಲಿ ಪಡೆಯನ್ನು ಬೆಂಗಳೂರಿಗೆ ಒಯ್ದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಹಿಂದೆ ಉಳಿದದ್ದು ಹೊಳೆ ದಂಡೆಯ ಗ್ಯಾರಿಸನ್ ಸ್ಮಶಾನದ ಮುನ್ನೂರಕ್ಕೂ ಹೆಚ್ಚು ಗೋರಿಗಳು. ಸ್ವಿಸ್ ದೇಶದ ಡಿ ಮೆರಾನ್ ರೆಜಿಮೆಂಟಿನವರು ಅಲ್ಲಿ ಬಹಳ ಮಂದಿ ಮಲಗಿದ್ದಾರೆ. ಡಿ ಮೆರಾನ್ ಮನೆತನದವರೇ ಈಚೆಗೆ ನೆರವು ಕೊಟ್ಟು ಗೋರಿಗಳನ್ನು ಸರಿಮಾಡಿಸಿದರು.

ಪಡೆ ಹೋದ ಮೇಲೆ ದರಿಯಾ ದೌಲತ್ತಿಗೂ ಮಂಕು ಕವಿಯಿತು. ವೆಲ್ಲೆಸ್ಲಿ ಸರಿಪಡಿಸಿದ್ದ ಚಿತ್ರಗಳ ಮೇಲೆ ಮತ್ತೆ ಯಾರೋ ಸುಣ್ಣ ಬಳಿದರು. ನಮ್ಮಲ್ಲಿ ಸುಣ್ಣ ಬಳಿಯುವುದು ಸ್ವಚ್ಛ ಮಾಡುವುದಕ್ಕೆ ಸಮ, ಕೆಡಿಸುವ ಉದ್ದೇಶ ಇದ್ದಿರಲಾರದು. ಏನೇ ಆದರೂ ಕದನ, ದರ್ಬಾರು, ಗುಲಾಬಿ ಎಲ್ಲ ಬಿಳಿಯಾದವು. ಅರ್ಧ ಶತಮಾನ ಕಳೆದ ಮೇಲೆ, 1850ರ ದಶಕದಲ್ಲಿ, ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಯ ಪ್ರವಾಸದಲ್ಲಿ ಇಲ್ಲಿಗೆ ಬಂದ. ಸತಾರಾ, ಝಾನ್ಸಿ, ಅವಧ್ ರಾಜ್ಯಗಳನ್ನು ಕಂಪನಿಯ ಹೊಟ್ಟೆಗೆ ಹಾಕಿದವನು ಇವನು. ಅವನ ಬಗ್ಗೆ ಒಳ್ಳೆಯ ಮಾತಾಡುವುದು ನನಗೆ ಸುಲಭವಲ್ಲ. ಆದರೂ ಲೆಕ್ಕ ಲೆಕ್ಕವೇ. ಗುಂಬಜ್‌ನ ದಂತ ಕೆತ್ತನೆಯ ಬಾಗಿಲು ಅವನು ಕೊಟ್ಟ ಕಾಣಿಕೆ. ದರಿಯಾ ದೌಲತ್ತಿನ ಚಿತ್ರಗಳನ್ನು ಮತ್ತೆ ಬರೆಸಬೇಕೆಂಬ ಅಪ್ಪಣೆಯೂ ಅವನದೇ.

ಬರೆದವನು ನಮ್ಮವನು. ಮೂಲಚಿತ್ರಗಳನ್ನು ಹಿಂದೆ ಕಣ್ಣಾರೆ ಕಂಡು ನೆನಪಿನಲ್ಲಿ ಇಟ್ಟುಕೊಂಡಿದ್ದ ಒಬ್ಬ ದೇಶೀ ಚಿತ್ರಗಾರ ಅವನ್ನು ಮತ್ತೆ ಬರೆದ ಎಂದು ರೈಸ್ ದಾಖಲಿಸಿದ್ದಾರೆ. ಇಡೀ ಚರಿತ್ರೆಯಲ್ಲಿ ನನಗೆ ಬಹಳ ಹತ್ತಿರದವನು ಈ ಹೆಸರಿಲ್ಲದ ಮನುಷ್ಯ. ಸುಣ್ಣದ ಗೋಡೆಯ ಮುಂದೆ ನಿಂತು, ಇಲ್ಲಿ ಆನೆ, ಇಲ್ಲಿ ಪಲ್ಲಕ್ಕಿ, ಇಲ್ಲಿ ಹೊಗೆ ಎಂದು ಮನಸ್ಸಿನಲ್ಲಿ ಗೆರೆ ಎಳೆದುಕೊಂಡನಲ್ಲ, ಅವನು. ನಾವಿಂದು ನೋಡುವ ಪೊಲ್ಲಿಲೂರು 1784ರ ಬಣ್ಣವಷ್ಟೇ ಅಲ್ಲ, ವೆಲ್ಲೆಸ್ಲಿಯ ರಿಪೇರಿಯೂ ಅಲ್ಲ. ಅದರಲ್ಲಿ ಒಬ್ಬ ಮುದುಕನ ನೆನಪು ಬೆರೆತಿದೆ. ಸಂಗ್ರಹಾಲಯದ ಫಲಕಗಳಲ್ಲಿ ಅರಸರ, ಸೇನಾಪತಿಗಳ ಹೆಸರುಗಳ ಸಾಲಿನಲ್ಲಿ "ಹೆಸರು ಉಳಿಯದ ಚಿತ್ರಗಾರ" ಎಂದು ಒಂದು ಸಾಲು ಹಾಕಿದರೆ ತಪ್ಪೇನು?

1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿತು. ಬೆಂಗಳೂರಿನ ದಂಡು ಪ್ರದೇಶವನ್ನು ಇಂಗ್ಲಿಷರು ಇಟ್ಟುಕೊಂಡು ಅದಕ್ಕೆ ಬದಲಾಗಿ ಶ್ರೀರಂಗಪಟ್ಟಣದ ನಡುಗಡ್ಡೆಯನ್ನು ಬಿಟ್ಟುಕೊಟ್ಟರು. ಅಂದರೆ ಎಂಟು ದಶಕಗಳ ಮೇಲೆ ದರಿಯಾ ದೌಲತ್ ಮತ್ತೆ ಮೈಸೂರಿನದಾಯಿತು. ನಾಲ್ಕು ವರ್ಷಕ್ಕೆ, 1885ರಲ್ಲಿ, ರೈಸ್ ಅವರ ನೇತೃತ್ವದಲ್ಲಿ ಮೈಸೂರು ಪುರಾತತ್ವ ಇಲಾಖೆ ಹುಟ್ಟಿತು. ಹಳೆಯ ಕಟ್ಟಡವೆಂದರೆ ಕಲ್ಲು ಮರದ ಗಣಿ ಎಂಬ ಭಾವನೆ ನಮ್ಮ ಕಡೆ ನಿಧಾನವಾಗಿ ಬದಲಾದದ್ದು ಆಮೇಲೆ.

ಸ್ವಾತಂತ್ರ್ಯದ ನಂತರ ಕಟ್ಟಡ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸುಪರ್ದಿಗೆ ಬಂತು. ಪ್ರಾಚೀನ ಸ್ಮಾರಕಗಳನ್ನು ಕಾಪಾಡುವ ಕೇಂದ್ರದ ಕಾಯಿದೆ 1958ರಲ್ಲಿ ಬಂತು; ಮರುವರ್ಷ, 1959ರಲ್ಲಿ, ಇಲ್ಲಿ ಟಿಪ್ಪು ಸುಲ್ತಾನ್ ಸಂಗ್ರಹಾಲಯ ಬಾಗಿಲು ತೆರೆಯಿತು. ಸಂಸ್ಥೆಯಾಗಿ ಇದರ ವಯಸ್ಸು ಅಲ್ಲಿಂದ ಲೆಕ್ಕ. ಒಳಗಿರುವುದು ನಾಣ್ಯ, ಆಯುಧ, ನಕಾಶೆ, ಅಚ್ಚಿನ ಚಿತ್ರ, ತೈಲಚಿತ್ರ. ಟಿಪ್ಪುವಿನ ಮಕ್ಕಳನ್ನೂ ಆಸ್ಥಾನದವರನ್ನೂ ಥಾಮಸ್ ಹಿಕ್ಕಿ ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರಗಳು ಇಲ್ಲಿನ ನಿಜವಾದ ಒಡವೆ. ಡಬ್ಲಿನ್‌ನಲ್ಲಿ ಹುಟ್ಟಿದ ಹಿಕ್ಕಿ 1799ರಲ್ಲಿ ಸೈನ್ಯದ ಬೆನ್ನಿಗೇ ಬಂದವನು. ತಂದೆಯನ್ನು ಕಳೆದುಕೊಂಡ ಹುಡುಗರ ಮುಖ ಹೇಗಿರುತ್ತದೆ ಎಂದು ಅವನ ಪೆನ್ಸಿಲಿಗೆ ಗೊತ್ತಿತ್ತು.

ಇನ್ನೊಂದು ಚಿತ್ರ ರಾಬರ್ಟ್ ಕೆರ್ ಪೋರ್ಟರ್ ಬಿಡಿಸಿದ ಶ್ರೀರಂಗಪಟ್ಟಣದ ಲಗ್ಗೆ. ಪೋರ್ಟರ್ ಇಲ್ಲಿಗೆ ಬಂದವನಲ್ಲ, ಕಾವೇರಿಯನ್ನು ಕಂಡವನಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ. 1800ರಲ್ಲಿ ಲಂಡನ್ನಿನಲ್ಲಿ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಈ ಲಗ್ಗೆಯನ್ನು ಕೆಲವೇ ವಾರಗಳಲ್ಲಿ ಬರೆದು ಜನಕ್ಕೆ ಟಿಕೆಟ್ಟಿನ ಮೇಲೆ ತೋರಿಸಿದ. ಆ ದೊಡ್ಡ ಚಿತ್ರ ಮುಂದೆ ಉಳಿಯಲಿಲ್ಲ; ಇಲ್ಲಿರುವುದು ಅದೇ ಲಗ್ಗೆಯ ಬೇರೆ ಚಿತ್ರ. ಈಗ ಯೋಚಿಸಿ: ಹೊರಗಿನ ಗೋಡೆಯ ಮೇಲೆ ಮೈಸೂರಿನವರು ಬರೆದ ಇಂಗ್ಲಿಷರ ಸೋಲು, ಒಳಗಿನ ಗೋಡೆಯ ಮೇಲೆ ಇಂಗ್ಲಿಷರು ಬರೆದ ಮೈಸೂರಿನ ಸೋಲು. ಇಬ್ಬರೂ ತಮ್ಮನ್ನು ಶಿಸ್ತಾಗಿ, ಎದುರಾಳಿಯನ್ನು ಕಂಗೆಟ್ಟ ಗುಂಪಾಗಿ ಕಂಡಿದ್ದಾರೆ. ಈ ಎರಡನ್ನೂ ಒಂದೇ ಸೂರಿನಡಿ, ಹತ್ತು ಹೆಜ್ಜೆಯ ಅಂತರದಲ್ಲಿ ನೋಡುವ ಅವಕಾಶ ಕರ್ನಾಟಕದಲ್ಲಿ ಬೇರೆಲ್ಲೂ ಇಲ್ಲ. ಯುದ್ಧವನ್ನು ಯಾರು ಹೇಳಿದರೆ ಹೇಗಿರುತ್ತದೆ ಎಂದು ಶಾಲೆಯ ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ತರಗತಿ ಎಲ್ಲಿದೆ?

ಇಲ್ಲಿ ಇಲ್ಲದ ವಸ್ತುಗಳ ಪಟ್ಟಿಯೂ ಉದ್ದವಿದೆ. ಟಿಪ್ಪುವಿನ ಸಿಂಹಾಸನವನ್ನು ಸೂರೆಯ ಪಾಲು ಹಂಚಲೆಂದು ತುಂಡು ಮಾಡಿದರು. ಅದರ ಹುಲಿಯ ತಲೆ, ಹುಮಾ ಹಕ್ಕಿ ವಿಂಡ್ಸರ್ ಅರಮನೆಯಲ್ಲಿವೆ. ಸೈನಿಕನ ಮೇಲೆ ಎರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಗ್ರಂಥಭಂಡಾರ ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋಯಿತು. ನಮ್ಮ ಗೋಡೆಯ ಪೊಲ್ಲಿಲೂರಿನ ಚಿತ್ರವನ್ನೇ ಹೋಲುವ, ಕಾಗದದ ಮೇಲೆ ಬರೆದ ಹಳೆಯ ಪ್ರತಿಯೊಂದು 2022ರ ಮಾರ್ಚ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 6 ಲಕ್ಷ 30 ಸಾವಿರ ಪೌಂಡಿಗೆ ಹೋಯಿತು. ಪತ್ರಿಕೆಯಲ್ಲಿ ಆ ಸುದ್ದಿ ಬಂದ ವಾರ ನಮ್ಮೂರಿನ ಹೋಟೆಲಿನಲ್ಲಿ ಅದೇ ಮಾತು. "ಅಷ್ಟು ಬೆಲೆಯ ಚಿತ್ರ ನಮ್ಮ ಮನೆ ಪಕ್ಕದಲ್ಲೇ ಇತ್ತಲ್ಲಪ್ಪ" ಎಂದು ಕಾಫಿ ಲೋಟ ಕೆಳಗಿಟ್ಟು ಹೇಳಿದವರನ್ನು ನಾನು ಕಂಡೆ. ಬೆಲೆ ಗೊತ್ತಾಗಲು ಹರಾಜು ಬೇಕಾಯಿತು ಎಂಬ ನೋವು ನನಗಿದೆ, ಆದರೂ ಗೊತ್ತಾಯಿತಲ್ಲ ಎಂಬ ಸಮಾಧಾನವೂ ಇದೆ.

ಎಲ್ಲ ಹೊತ್ತುಕೊಂಡು ಹೋದರೂ ಗೋಡೆಯನ್ನು ಹೊರಲಾಗಲಿಲ್ಲ. ಈಗ ಆ ಗೋಡೆಗೆ ಇರುವ ಅಪಾಯ ಬಿಸಿಲು, ಹೊಳೆಯ ತೇವ, ಬಾವಲಿ, ಮತ್ತು ನಮ್ಮ ಕೈ. ಪಡಸಾಲೆಯ ಸುತ್ತ ಇಳಿಬಿಟ್ಟ ಹಸಿರು ಪರದೆಗಳನ್ನು ಕಂಡು ಕಟ್ಟಡದ ಅಂದ ಕೆಟ್ಟಿತು ಎಂದು ಬೇಸರ ಪಡುವವರಿದ್ದಾರೆ. ಬಿಸಿಲು ನೇರ ಬಿದ್ದರೆ ಬಣ್ಣ ಕೆಲವೇ ವರ್ಷದಲ್ಲಿ ಸೀದುಹೋಗುತ್ತದೆ. ಆ ಪರದೆಯೇ ಚಿತ್ರದ ಆಯುಷ್ಯ. ಒಳಗೆ ಫೋಟೊ ತೆಗೆಯಬಾರದೆಂಬ ನಿಯಮಕ್ಕೂ ಗೊಣಗುತ್ತೇವೆ. ಒಮ್ಮೆ ನನ್ನ ಕಣ್ಣೆದುರೇ ಒಬ್ಬ ತಂದೆ ಮಗುವನ್ನು ಎತ್ತಿ ಹಿಡಿದು ಆನೆಯ ಸೊಂಡಿಲನ್ನು ಮುಟ್ಟಿಸಿದರು, ಪ್ರೀತಿಯಿಂದಲೇ. ಅಲ್ಲಿನ ಕಾವಲುಗಾರರು ಓಡಿಬಂದು ಕೈ ಮುಗಿದು ಬೇಡ ಎಂದರು. ದಿನಕ್ಕೆ ನೂರು ಸಲ ಹೀಗೆ ಬೇಡಿಕೊಳ್ಳುವ, ಕಡಿಮೆ ಸಂಬಳದ ಆ ಜನ ಇಲ್ಲದಿದ್ದರೆ ಇವತ್ತಿಗೆ ಆ ಗೋಡೆ ಎದೆಯೆತ್ತರದವರೆಗೆ ಬೋಳಾಗಿರುತ್ತಿತ್ತು. ಮೊದಲು ಸಾಹೇಬನ ಹೆಸರು ಕಾಯಿತು, ಆಮೇಲೆ ಮುದುಕ ಚಿತ್ರಗಾರನ ನೆನಪು ಕಾಯಿತು, ಈಗ ಕಾಯುತ್ತಿರುವವರು ಇವರು.

ಕಿರಂಗೂರಿನ ಹುಡುಗ ಹುಡುಗಿಯರಲ್ಲಿ ಇತಿಹಾಸ ಓದಿದವರು ಈಗ ಸಾಕಷ್ಟಿದ್ದಾರೆ. ದಸರೆಯ ಹತ್ತು ದಿನ ದರಿಯಾ ದೌಲತ್ತಿನ ಪಡಸಾಲೆಯಲ್ಲಿ ನಿಂತು ಬಂದವರಿಗೆ ಕನ್ನಡದಲ್ಲಿ ಈ ಕಥೆ ಹೇಳಲು ಅವರು ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಇಲಾಖೆ ಅದಕ್ಕೆ ಅನುಮತಿ ಕೊಡಬೇಕೆಂದೂ ಕೇಳಿಕೊಳ್ಳುತ್ತೇನೆ. ಸ್ಕಾಟ್ ಬಂಗಲೆಯಲ್ಲಿ ಇನ್ನೂ ನಿಂತಿರುವ ಗೋಡೆಗಳಿಗೆ ಒಬ್ಬ ಕಾವಲುಗಾರನನ್ನು ನೇಮಿಸಲಿ. ನೀವು ಈ ಸಲ ಆನೆ ನೋಡಲು ನಮ್ಮೂರಿಗೆ ಬಂದರೆ ಮಾರನೆಯ ದಿನ ಬೆಳಗ್ಗೆ ಅಲ್ಲಿಗೆ ಹೋಗಿ. ಮೊದಲು ಪಶ್ಚಿಮದ ಗೋಡೆ ನೋಡಿ, ಆಮೇಲೆ ಒಳಗೆ ಹೋಗಿ ಪೋರ್ಟರನ ಚಿತ್ರ ನೋಡಿ, ಮತ್ತೆ ಹೊರಗೆ ಬಂದು ಅದೇ ಗೋಡೆಯ ಮುಂದೆ ಇನ್ನೊಮ್ಮೆ ನಿಲ್ಲಿ. ಕೈ ಮಾತ್ರ ಗೋಡೆಗೆ ತಾಗದಿರಲಿ.